‘ಕನ್ನಡವನ್ನೇ ಏಕೆ?’ ಎಂಬ ಪ್ರಶ್ನೆ: ಕೇಳುವ ಬಗೆಯನ್ನು ಕುರಿತು

ಕನ್ನಡ ಅಧ್ಯಯನ ವಿಭಾಗಗಳ ಸಂಶೋಧನೆಗೆ ಒಳಗಾಗದೆ ಉಳಿದ ವಸ್ತುಗಳು ಕಡಿಮೆ. ಶಾಸನ, ಹಸ್ತಪ್ರತಿ, ಛಂದಸ್ಸುಗಳಿಂದ ಹಿಡಿದು ಜಾತ್ರೆ, ಒಗಟು, ಬೈಗುಳ, ಊರ ಹೆಸರುಗಳವರೆಗೆ ನಮ್ಮ ಪ್ರಬಂಧಗಳು ವ್ಯಾಪಿಸಿಕೊಂಡಿವೆ. ಹೀಗಿದ್ದೂ ದಿನವೂ ನಮ್ಮೆದುರು ಬಂದು ಕೂಡುವ ವಿದ್ಯಾರ್ಥಿಗಳು ನಮ್ಮ ಅಧ್ಯಯನದ ವಸ್ತುವಾದದ್ದು ವಿರಳ. ಅವರು ಯಾವ ಊರಿನಿಂದ ಬಂದರು, ಯಾರ ಮಾತು ಕೇಳಿ ಕನ್ನಡವನ್ನು ತೆಗೆದುಕೊಂಡರು, ಪಂಪನನ್ನು ಮೊದಲ ಬಾರಿ ಓದಿದಾಗ ಅವರಿಗೆ ಏನೆನಿಸಿತು, ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಕೆಲವರು ತರಗತಿಗೆ ಬರುವುದನ್ನು ಏಕೆ ಬಿಟ್ಟರು ಎಂಬಿವೆಲ್ಲ ಶಿಕ್ಷಣಶಾಸ್ತ್ರದವರಿಗೆ ಸೇರಿದ ಪ್ರಶ್ನೆಗಳೆಂದು ನಾವು ಬಿಟ್ಟುಕೊಟ್ಟಿದ್ದೇವೆ. ಹಾಗೆ ಬಿಟ್ಟುಕೊಡಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳನ್ನು ಕುರಿತ ಮಾಹಿತಿಯೇ ಇಲ್ಲವೆಂದಲ್ಲ. 2010-11ರಲ್ಲಿ ಆರಂಭವಾದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯು ಪ್ರವೇಶ ಪಡೆದವರ ಸಂಖ್ಯೆಯನ್ನು ಲಿಂಗ, ಸಾಮಾಜಿಕ ವರ್ಗ, ಅಧ್ಯಯನ ವಿಷಯಗಳಿಗನುಗುಣವಾಗಿ ಒದಗಿಸುತ್ತದೆ. ಆದರೆ ಅದು ಸಂಸ್ಥೆಗಳು ತುಂಬಿಕೊಡುವ ಲೆಕ್ಕ. ನ್ಯಾಕ್ 2017ರಲ್ಲಿ ಪರಿಷ್ಕರಿಸಿದ ಮೌಲ್ಯಮಾಪನ ಕ್ರಮದಲ್ಲಿ ‘ವಿದ್ಯಾರ್ಥಿ ತೃಪ್ತಿ ಸಮೀಕ್ಷೆ’ ಸೇರ್ಪಡೆಯಾಯಿತು. ಅದರಲ್ಲಿದ್ದುದು 21 ಪ್ರಶ್ನೆಗಳು. 20ಕ್ಕೆ ಸೊನ್ನೆಯಿಂದ ನಾಲ್ಕರವರೆಗಿನ ಅಂಕ, ಸ್ವಂತ ಮಾತಿಗೆ ಉಳಿದದ್ದು ಒಂದು. ತೃಪ್ತಿಯನ್ನು ಅಳೆಯಲು ಇಷ್ಟು ಸಾಕಾಗಬಹುದು. ಅನುಭವವನ್ನು ಅರಿಯಲು ಸಾಲದು.

ನಾನು ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಪ್ರಶ್ನಾವಳಿಯೊಂದು ನಮ್ಮ ತರಗತಿಗೂ ಬಂದಿತ್ತು. ಸ್ನಾತಕೋತ್ತರ ಅಧ್ಯಯನಕ್ಕೆ ಕನ್ನಡವನ್ನೇ ಆಯ್ಕೆ ಮಾಡಿಕೊಳ್ಳಲು ಕಾರಣವೇನು ಎಂಬುದು ಅದರ ಮೊದಲ ಪ್ರಶ್ನೆ. ಭಾಷಾಭಿಮಾನ, ಸಾಹಿತ್ಯಾಸಕ್ತಿ, ಉದ್ಯೋಗಾವಕಾಶ, ಇತರೆ ಎಂದು ನಾಲ್ಕು ಉತ್ತರಗಳನ್ನು ಕೊಡಲಾಗಿತ್ತು. ಹಾಳೆ ಹಂಚಿದವರು ನಮ್ಮ ಅಧ್ಯಾಪಕರು. ಆಂತರಿಕ ಅಂಕ ಕೊಡಬೇಕಾದವರೂ ಅವರೇ. ಹಾಳೆಯ ಮೇಲ್ಭಾಗದಲ್ಲಿ ನೋಂದಣಿ ಸಂಖ್ಯೆಗೆ ಜಾಗವಿತ್ತು. ನಮ್ಮಲ್ಲಿ ಹೆಚ್ಚಿನವರು ಮೊದಲೆರಡಕ್ಕೆ ಗುರುತು ಹಾಕಿ ಕೊಟ್ಟೆವು. ಅಂದು ಸಂಜೆ ಕ್ಯಾಂಟೀನಿನಲ್ಲಿ ಹೊರಬಿದ್ದ ಕಾರಣಗಳೇ ಬೇರೆ. ಒಬ್ಬನಿಗೆ ಸಮಾಜಶಾಸ್ತ್ರದಲ್ಲಿ ಸೀಟು ಸಿಕ್ಕಿರಲಿಲ್ಲ. ಇನ್ನೊಬ್ಬನಿಗೆ ಬೇಕಾಗಿದ್ದುದು ಹಾಸ್ಟೆಲು ಮತ್ತು ಗ್ರಂಥಾಲಯ. ಅವನು ಓದುತ್ತಿದ್ದುದು ಸ್ಪರ್ಧಾತ್ಮಕ ಪರೀಕ್ಷೆಗೆ. ಗೆಳತಿಯೊಬ್ಬಳು ಮನೆಯಲ್ಲಿ ಎದ್ದಿದ್ದ ಮದುವೆಯ ಮಾತನ್ನು ಎರಡು ವರ್ಷ ಮುಂದೂಡಲು ಅರ್ಜಿ ಹಾಕಿದ್ದಳು. ಮುಂದೆ ಹಳಗನ್ನಡದ ತರಗತಿಗಳಲ್ಲಿ ನಮ್ಮೆಲ್ಲರಿಗಿಂತ ಶ್ರದ್ಧೆಯಿಂದ ಕುಳಿತವಳು ಆಕೆಯೇ ಎಂಬುದನ್ನೂ ಹೇಳಬೇಕು. ಒಳಗೆ ಬಂದ ಕಾರಣ ಒಂದು, ಒಳಗೆ ಬಂದ ಮೇಲೆ ಆದದ್ದು ಇನ್ನೊಂದು. ಆ ಹಾಳೆಗೆ ಇವೆರಡೂ ದಕ್ಕಲಿಲ್ಲ. ಅದರಿಂದ ಹೊರಟ ತೀರ್ಮಾನ ಏನಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ.

ತೊಡಕು ಇರುವುದು ‘ಆಯ್ಕೆ’ ಎಂಬ ಪದದಲ್ಲಿಯೇ. ಆಯ್ದುಕೊಳ್ಳಲು ಹಲವು ಇರಬೇಕು. ಬಿ.ಎ. ಹಂತದಲ್ಲಿ ವಿದ್ಯಾರ್ಥಿಯ ಮುಂದಿರುವುದು ಕಾಲೇಜು ಮೊದಲೇ ಕಟ್ಟಿಟ್ಟ ಕಾಂಬಿನೇಷನ್. ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಕನ್ನಡವಿರಬಹುದು. ಮನಶ್ಶಾಸ್ತ್ರದ ಜೊತೆಗೆ ಕನ್ನಡ ಬೇಕೆಂದರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅದಕ್ಕೆ ಅಧ್ಯಾಪಕರಿರುವುದಿಲ್ಲ, ವೇಳಾಪಟ್ಟಿಯೂ ಹೊಂದುವುದಿಲ್ಲ. ಇದರ ಮೇಲೆ ಬಸ್ಸಿನ ಸಮಯ, ಹಾಸ್ಟೆಲಿನ ಸೀಟು, ಮನೆಯವರ ಒಪ್ಪಿಗೆ. 2023ರ ಜೂನ್ ತಿಂಗಳಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಆರಂಭವಾಯಿತು. ಆ ಬಳಿಕ ಹೆಣ್ಣುಮಕ್ಕಳು ತಮ್ಮೂರಿಗೆ ದೂರದ ಕಾಲೇಜನ್ನೋ ವಿಶ್ವವಿದ್ಯಾಲಯವನ್ನೋ ಆರಿಸಿಕೊಂಡದ್ದುಂಟೆ, ಅದರಿಂದ ಅವರು ಓದುವ ವಿಷಯ ಬದಲಾಯಿತೆ ಎಂಬುದು ಒಳ್ಳೆಯ ಪಿಎಚ್.ಡಿ. ವಸ್ತುವಾದೀತು. ‘ಭಾಷಾಭಿಮಾನ’ದ ಚೌಕದಲ್ಲಿ ಅದಕ್ಕೆ ಉತ್ತರ ಸಿಗಲಾರದು.

ಮೈಸೂರಿನಲ್ಲಿ 1927ರಲ್ಲಿ ಕನ್ನಡ ಎಂ.ಎ. ಆರಂಭವಾದಾಗ ಮೊದಲ ತಂಡದಲ್ಲಿ ಕುವೆಂಪು ಇದ್ದರು. ತತ್ತ್ವಶಾಸ್ತ್ರದತ್ತ ಒಲವಿದ್ದ ಅವರನ್ನು ಕನ್ನಡದ ಕಡೆಗೆ ತಿರುಗಿಸಿದವರು ಟಿ.ಎಸ್. ವೆಂಕಣ್ಣಯ್ಯನವರು. ನಮ್ಮ ಪ್ರಶ್ನಾವಳಿಯನ್ನು ಅಂದು ಅವರ ಕೈಗೆ ಕೊಟ್ಟಿದ್ದರೆ ‘ಗುರುಗಳು ಹೇಳಿದರು’ ಎಂಬ ಉತ್ತರವನ್ನು ‘ಇತರೆ’ಯಲ್ಲಿ ಬರೆಯಬೇಕಾಗುತ್ತಿತ್ತು!

ಇದನ್ನು ಕೇವಲ ವಿಧಾನದ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ರಾಜ್ಯದಲ್ಲಿ ನಾಲ್ಕು ವರ್ಷಗಳ ಪದವಿ ಬಂದಿತು. ಮೂರು ಐಚ್ಛಿಕಗಳಿದ್ದ ಕಡೆ ಎರಡಾದವು. ಅದೇ ವರ್ಷ ಪದವಿಯಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದ ಆದೇಶ ಹೊರಟಿತು, ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ, ಮೂರು ವರ್ಷಗಳ ಪದವಿ ಮರಳಿತು. ಕಡ್ಡಾಯದ ಪರವಾಗಿ ವಾದಿಸಿದವರೂ ವಿರೋಧಿಸಿದವರೂ ವಿದ್ಯಾರ್ಥಿಗಳ ಹಿತದ ಹೆಸರಿನಲ್ಲಿಯೇ ಮಾತಾಡಿದರು. ವಿದ್ಯಾರ್ಥಿಗಳು ಏನೆನ್ನುತ್ತಾರೆಂದು ತೋರಿಸುವ ಆಧಾರವನ್ನು ಕನ್ನಡ ವಿಭಾಗಗಳು ಮುಂದಿಡಬಹುದಿತ್ತು. ಇಡಲು ನಮ್ಮ ಬಳಿ ಇದ್ದುದು ಅಭಿಮಾನ ಮಾತ್ರ. 2021ರಿಂದ 2023ರವರೆಗೆ ಪ್ರವೇಶ ಪಡೆದ ಮೂರು ತಂಡಗಳು ಒಂದು ವ್ಯವಸ್ಥೆಯಲ್ಲಿ, ಅವುಗಳ ಹಿಂದಿನ ಮತ್ತು ಮುಂದಿನ ತಂಡಗಳು ಬೇರೆ ವ್ಯವಸ್ಥೆಯಲ್ಲಿ ಕನ್ನಡವನ್ನು ಓದಿವೆ. ಇಂಥ ಹೋಲಿಕೆಗೆ ಅವಕಾಶ ಬೇಕೆಂದು ಕೇಳಿದರೂ ಸಿಗುವುದಿಲ್ಲ. ಆ ತಂಡಗಳವರು ಚದುರಿಹೋಗುವ ಮುನ್ನ ಅವರನ್ನು ಮಾತಾಡಿಸಬೇಕಾಗಿದೆ.

ಇದು ಸಾಹಿತ್ಯ ವಿಭಾಗದ ಕೆಲಸವೇ ಎಂದು ಹಿರಿಯರು ಕೇಳಬಹುದು. ಅಂಕಿಅಂಶದ ಕೆಲಸ ನಮ್ಮದಲ್ಲ, ನಿಜ. ಆದರೆ ಕೇಳಿಸಿಕೊಳ್ಳುವ ಕೆಲಸದಲ್ಲಿ ನಮಗಿರುವ ಪಳಗಿಕೆ ಇತರ ವಿಭಾಗಗಳಿಗೆ ಸುಲಭವಾಗಿ ಬರಲಾರದು. ಜಾನಪದ ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಮಾತನ್ನು ಆತನ ನುಡಿಯಲ್ಲಿಯೇ ದಾಖಲಿಸಬೇಕೆಂದೂ ಉತ್ತರವನ್ನು ಬಾಯಿಗೆ ತುರುಕಬಾರದೆಂದೂ ನಾವೇ ಪಾಠ ಹೇಳುತ್ತೇವೆ. ವಿದ್ಯಾರ್ಥಿಯ ಬಳಿ ಹೋಗುವಾಗ ಮಾತ್ರ ಆ ಪಾಠವನ್ನು ಮರೆತು, ಇಂಗ್ಲಿಷ್ ಮಾದರಿಯ ಪ್ರಶ್ನಾವಳಿಯನ್ನು ಗ್ರಾಂಥಿಕ ಕನ್ನಡಕ್ಕೆ ಇಳಿಸಿ ಹಂಚುತ್ತೇವೆ. ಇನ್ನು ಆಕರಗಳ ಮಾತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರುಕೇರಿ’ ಇವುಗಳನ್ನು ದಲಿತ ಆತ್ಮಕಥನಗಳೆಂದು ಬೋಧಿಸುತ್ತ ಬಂದಿದ್ದೇವೆ. ಹಾಸ್ಟೆಲು, ತರಗತಿ, ಅಧ್ಯಾಪಕರು ಒಬ್ಬ ವಿದ್ಯಾರ್ಥಿಗೆ ಹೇಗೆ ಕಂಡರು ಎಂಬುದಕ್ಕೂ ಅವು ಆಕರಗಳೇ. ಅಲ್ಲಿ ಸಿಗುವ ಹಸಿವು, ಅವಮಾನ, ತಮಾಷೆಗಳನ್ನು ಯಾವ ಅಂಕಮಾಪಕವೂ ಹಿಡಿದಿಡಲಾರದು.

ಹಾಗೆಂದು ಅಧ್ಯಾಪಕರು ನಾಳೆಯೇ ತಮ್ಮ ವಿದ್ಯಾರ್ಥಿಗಳನ್ನು ಕೊಠಡಿಗೆ ಕರೆದು ಸಂದರ್ಶಿಸತೊಡಗಿದರೆ ಪ್ರಶ್ನಾವಳಿಯ ದೋಷವೇ ಮರುಕಳಿಸುತ್ತದೆ. ಅಂಕ ಕೊಡುವವರು ಕೇಳಿದಾಗ ಅಂಕಕ್ಕೆ ತಕ್ಕ ಉತ್ತರವೇ ಬರುತ್ತದೆ. ಒಂದು ವಿಶ್ವವಿದ್ಯಾಲಯದ ಸಂಶೋಧಕರು ಮತ್ತೊಂದರ ವಿದ್ಯಾರ್ಥಿಗಳನ್ನು, ಫಲಿತಾಂಶ ಬಂದ ಮೇಲೆ, ಹೆಸರು ಮತ್ತು ನೋಂದಣಿ ಸಂಖ್ಯೆಗಳನ್ನು ಕೈಬಿಟ್ಟು ಮಾತಾಡಿಸುವುದು ಕಡಿಮೆ ಖರ್ಚಿನ ದಾರಿ.

ಅದಕ್ಕೂ ಮೊದಲು ಮಾತಾಡಿಸಬೇಕಾದವರು ಓದನ್ನು ನಡುವೆ ಬಿಟ್ಟುಹೋದವರು. ಸಮೀಕ್ಷೆಯ ಹಾಳೆ ತಲುಪುವುದು ತರಗತಿಯಲ್ಲಿ ಉಳಿದವರಿಗೆ ಮಾತ್ರ. ಹೋದವರ ಹೆಸರು, ಊರು, ತಂದೆತಾಯಿಯರ ವೃತ್ತಿ ಎಲ್ಲವೂ ವಿಭಾಗದ ಪ್ರವೇಶ ಪುಸ್ತಕದಲ್ಲಿದೆ. ಹಾಜರಾತಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಯಾವ ತಿಂಗಳಿನಿಂದ ಗೆರೆ ಎಳೆಯಲಾಗಿದೆ ಎಂಬುದನ್ನೂ ನೋಡಬಹುದು.