ಗಣಕಯಂತ್ರದೊಳಗಿನ ದಫ್ತರ

ಮನೆವಾರ್ತೆಯ ಈ ಪುಟದಲ್ಲಿ ನಾವು ಇದುವರೆಗೆ ಉಗ್ರಾಣದ ಕಾಳುಕಡಿ, ಬಟ್ಟೆಬರೆ, ಮನೆಯ ಲೆಕ್ಕಪತ್ರ ಮುಂತಾದವುಗಳ ವಿಷಯವಾಗಿ ಬರೆಯುತ್ತ ಬಂದಿದ್ದೇವೆ. ಈ ತಿಂಗಳು, ನಮ್ಮ ರೋಣದ ಹಲವು ಮನೆಗಳಲ್ಲಿ ಪಡಸಾಲೆಯ ಮೂಲೆಯನ್ನು ಹಿಡಿದು ಕುಳಿತಿರುವ ಗಣಕಯಂತ್ರದ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಮಕ್ಕಳ ಓದಿಗೆಂದು ತಂದ ಈ ಯಂತ್ರವು ಕ್ರಮೇಣ ಮನೆಯ ದಫ್ತರವೇ ಆಗಿಬಿಟ್ಟಿದೆ. ಆದರೆ ದಫ್ತರಕ್ಕೆ ಇರಬೇಕಾದ ಓರಣವು ಮಾತ್ರ ಅದಕ್ಕೆ ಇನ್ನೂ ಬಂದಿಲ್ಲ.

ಇದರಿಂದಾಗುವ ಅನರ್ಥವನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ನಮ್ಮ ಪರಿಚಯದ ಒಕ್ಕಲುತನದ ಮನೆಯೊಂದರಲ್ಲಿ ಕಡಲೆಯನ್ನು ಕಿತ್ತು ಹೊಲದಲ್ಲಿಯೇ ಒಣಗಲು ಹರವಿದ್ದರು. ಸೋಮವಾರ ರಾತ್ರಿ ಅಕಾಲದ ಮಳೆ ಸುರಿದು ಫಸಲೆಲ್ಲ ತೊಯ್ದುಹೋಯಿತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮೇರೆಗೆ ಬೆಳೆಗೆ ವಿಮೆಯೇನೋ ಕಟ್ಟಿದ್ದರು. ಕೊಯ್ದು ಹರವಿದ ಬೆಳೆಯು 14 ದಿನಗಳೊಳಗೆ ಇಂತಹ ಮಳೆಗೆ ಸಿಕ್ಕಿದರೆ ಪರಿಹಾರ ಕೇಳಬಹುದು. ಆದರೆ ಹಾನಿಯಾದ 72 ತಾಸುಗಳೊಳಗೆ ವರದಿ ಕೊಡತಕ್ಕದ್ದೆಂದು ನಿಯಮ. ಯಜಮಾನರು ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದರು, ಮಾತನಾಡುವ ಸ್ಥಿತಿಯಲ್ಲಿರಲಿಲ್ಲ. ವಿಮೆಯ ರಸೀದಿಯು ಗಣಕಯಂತ್ರದಲ್ಲಿದೆಯೆಂಬುದಷ್ಟೇ ಮನೆಯವರಿಗೆ ಗೊತ್ತಿತ್ತು.

ಮರುದಿನ ಆ ತಾಯಿ ನಮ್ಮನ್ನು ಕರೆಯಿಸಿದರು. ನೋಡಿದರೆ ಯಂತ್ರದ ತೆರೆಯ ಮೇಲೆ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ‘ನ್ಯೂ ಫೋಲ್ಡರ್ 3’ ಎಂದು ಹನ್ನೊಂದು ಚೀಲಗಳು. ಅವುಗಳೊಳಗೆ ‘ಸ್ಕ್ಯಾನ್ 0031’, ‘ಸ್ಕ್ಯಾನ್ 0032’ ಎಂಬ ನೂರಾರು ಕಾಗದಗಳು. ಎರಡು ರಾತ್ರಿ ಒಂದೊಂದನ್ನೇ ಬಿಚ್ಚಿ ನೋಡಿದೆವು. ರಸೀದಿಯ ನಕಲು ಬೇರೆಡೆಯಲ್ಲಿ ದೊರೆಯಬಹುದೆಂಬ ವಿಚಾರವು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಗುರುವಾರ ಮಧ್ಯಾಹ್ನ, ಮೊಮ್ಮಗಳ ಹುಟ್ಟುಹಬ್ಬದ ಚಿತ್ರಗಳ ನಡುವೆ ಅದು ಸಿಕ್ಕಿತು. ಇನ್ನು ಕೆಲವೇ ತಾಸುಗಳು ಉಳಿದಿದ್ದವು. ವರದಿಯು ಹೇಗೋ ತಲುಪಿತು. ಆಗ ಆ ತಾಯಿ ಆಡಿದ ಮಾತನ್ನು ನಾವು ಮರೆತಿಲ್ಲ: “ಅಡಿಗಿ ಮನ್ಯಾಗಿನ ಡಬ್ಬಿ ಕತ್ತಲದಾಗೂ ನನ್ನ ಕೈಗೆ ಸಿಗತಾವ್ರೀ. ನಮ್ಮ ಮನೀ ಕಾಗದ ಇದರೊಳಗ ನನಗ ಸಿಗಲಿಲ್ಲ ನೋಡ್ರಿ.”

ವಾಚಕರೇ, ನಾವು ಇಂದು ಹೇಳಬಂದುದೆಲ್ಲವೂ ಈ ಮಾತಿನಲ್ಲಿ ಅಡಗಿದೆ. ಕಾಗದವು ಇಟ್ಟವರಿಗೆ ಸಿಕ್ಕರೆ ಸಾಲದು, ಇಡದವರಿಗೂ ಸಿಗಬೇಕು. ಸರಕಾರದ ‘ಭೂಮಿ’ ಯೋಜನೆಯಿಂದ ಈ ಶತಮಾನದ ಮೊದಲ ವರ್ಷಗಳಲ್ಲಿಯೇ ರಾಜ್ಯದ ಸುಮಾರು 2 ಕೋಟಿ ಹೊಲಗಳ ಉತಾರಗಳು ಗಣಕಯಂತ್ರವನ್ನು ಸೇರಿದವು. ಕಚೇರಿಯ ದಫ್ತರವನ್ನು ಓರಣಗೊಳಿಸಲು ಅಷ್ಟು ಶ್ರಮ ನಡೆದಿರಲು, ಮನೆಯ ದಫ್ತರವನ್ನು ಹಾಗೆಯೇ ಬಿಡುವುದು ಗೃಹಸ್ಥರಿಗೆ ತಕ್ಕುದಲ್ಲ.

ಮೊದಲು ಎರಡು ಶಬ್ದಗಳನ್ನು ತಿಳಿದುಕೊಳ್ಳೋಣ. ಫೈಲಿಗೆ ಕನ್ನಡದಲ್ಲಿ ಕಡತವೆನ್ನುವರು. ಹಿಂದೆ ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿಯನ್ನು ಬೆರೆಸಿ ಅರಿವೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಈ ಹೆಸರಿತ್ತು. ಅದರಲ್ಲಿ ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಯಂತ್ರದ ಕಡತಕ್ಕೂ ಇದೇ ಗುಣವುಂಟು. ಇನ್ನು ಫೋಲ್ಡರ್ ಎಂದರೆ ಕಡತಕೋಶ. ಕಚೇರಿಗಳಲ್ಲಿ ಕಾಗದಗಳನ್ನು ಅರಿವೆಯಲ್ಲಿ ಸುತ್ತಿ ಕಟ್ಟಿಡುತ್ತಿದ್ದ ರುಮಾಲಿನಂತಹದು. ವಿಶೇಷವೆಂದರೆ, ಈ ರುಮಾಲಿನೊಳಗೆ ಚಿಕ್ಕ ರುಮಾಲುಗಳನ್ನೂ ಇಡಬಹುದು.

ಈಗ ಕೆಲಸಕ್ಕೆ ತೊಡಗೋಣ. ‘ಡಾಕ್ಯುಮೆಂಟ್ಸ್’ ಎಂಬ ಸ್ಥಳವನ್ನು ತೆರೆದು, ಬರಿದಾದ ಜಾಗದಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿ, ‘ನ್ಯೂ’ ಎಂಬುದರಲ್ಲಿ ‘ಫೋಲ್ಡರ್’ ಎಂಬುದನ್ನು ಆರಿಸಿರಿ. ಕೂಡಲೇ ಅದಕ್ಕೆ ‘ಮನೆ’ ಎಂದು ಹೆಸರಿಡಿರಿ. ತಪ್ಪಿದರೆ ಅದರ ಮೇಲೆ ಒಮ್ಮೆ ಒತ್ತಿ ‘ಎಫ್ 2’ ಕೀಲಿಯಿಂದ ಹೆಸರನ್ನು ತಿದ್ದಬಹುದು. ಇದರೊಳಗೆ ಆರು ಕೋಶಗಳು ಸಾಕು: ಹೊಲ, ಮನೆಯ ಜಾಗ, ಬ್ಯಾಂಕು ಮತ್ತು ವಿಮೆ, ಆರೋಗ್ಯ, ಶಾಲೆ, ಚಿತ್ರಗಳು. ಕೋಶದೊಳಗೆ ಕೋಶ, ಅದರೊಳಗೆ ಮತ್ತೊಂದು ಎಂದು ಮೂರು ಮೆಟ್ಟಿಲುಗಳಿಗಿಂತ ಆಳಕ್ಕೆ ಇಳಿಯಬಾರದು. ಇಳಿದವರಿಗೆ ಮೇಲೆ ಬರುವ ದಾರಿ ತಿಳಿಯದು.

‘ಹೊಲ’ದೊಳಗಿನ ಕೋಶಗಳಿಗೆ ಜಿಲ್ಲೆ, ತಾಲೂಕುಗಳ ಹೆಸರನ್ನಿಡಬೇಡಿರಿ, ಊರು ಮತ್ತು ಸರ್ವೆ ನಂಬರನ್ನಿಡಿರಿ. ನಮ್ಮ ಕಡೆಯ ಹಳೆಯ ಕಾಗದಗಳಲ್ಲಿ ಜಿಲ್ಲೆಯು ಧಾರವಾಡವೆಂದಿರುವುದು. 1997ರಲ್ಲಿ ಗದಗ ಜಿಲ್ಲೆಯಾದ ಮೇಲಿನವುಗಳಲ್ಲಿ ಗದಗವೆಂದಿರುವುದು. ಗಜೇಂದ್ರಗಡವು ಪ್ರತ್ಯೇಕ ತಾಲೂಕಾದಂದಿನಿಂದ ಅದರ ಸುತ್ತಲಿನ ಹಳ್ಳಿಗಳ ಕಾಗದಗಳಲ್ಲಿ ರೋಣದ ಹೆಸರೂ ಹೋಯಿತು. ಹೊಲವು ಮಾತ್ರ ಇದ್ದಲ್ಲಿಯೇ ಇದೆ. ಇನ್ನೊಂದು ಎಚ್ಚರಿಕೆ: ಸರ್ವೆ ನಂಬರನ್ನು ನಾವು 112/2 ಎಂದು ಓರೆಗೆರೆ ಹಾಕಿ ಬರೆಯುವೆವಷ್ಟೆ. ವಿಂಡೋಸ್ ಯಂತ್ರವು ಹೆಸರಿನಲ್ಲಿ ಓರೆಗೆರೆಯನ್ನು ಒಪ್ಪುವುದಿಲ್ಲ. ಪ್ರಶ್ನಾರ್ಥಕ, ನಕ್ಷತ್ರದ ಗುರುತುಗಳನ್ನೂ ಒಪ್ಪುವುದಿಲ್ಲ. ಆದುದರಿಂದ 112-2 ಎಂದು ಬರೆಯತಕ್ಕದ್ದು.

ಕಡತದ ಹೆಸರಿನಲ್ಲಿ ಮೂರು ಸಂಗತಿಗಳಿರಬೇಕು: ಯಾವಾಗಿನದು, ಏನು, ಯಾರದು. ತಾರೀಖನ್ನು ಬರೆಯುವಾಗ ವರ್ಷವನ್ನು ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ ಎಂಬ ಕ್ರಮವನ್ನು ಇಟ್ಟುಕೊಳ್ಳಿರಿ. ಉದಾಹರಣೆಗೆ ‘2024-11-05 ಕಡಲೆ ವಿಮೆ ರಸೀದಿ 112-2’. ಯಂತ್ರವು ಹೆಸರುಗಳನ್ನು ಎಡದಿಂದ ಓದಿ ಸಾಲುಗೂಡಿಸುವುದು. ದಿನವನ್ನು ಮೊದಲು ಬರೆದರೆ 2024ರ ಮಾರ್ಚ್ 5ರ ಕಾಗದವು 2021ರ ನವೆಂಬರ್ 18ರದಕ್ಕಿಂತ ಮುಂಚೆ ಬಂದು ನಿಲ್ಲುವುದು! ವರ್ಷವು ಮೊದಲಿದ್ದರೆ ಕಾಲಕ್ರಮವು ತಾನಾಗಿಯೇ ಒದಗುವುದು.

ಹೆಸರನ್ನು ಕನ್ನಡದಲ್ಲಿಯೇ ಇಡಬಹುದು, ಇಡಬೇಕು. ಆದರೆ ಯೂನಿಕೋಡ್ ಅಕ್ಷರಗಳಲ್ಲಿ. ಹಳೆಯ ಪದ್ಧತಿಯ ನುಡಿ, ಬರಹ ಅಕ್ಷರಗಳಲ್ಲಿ ಬರೆದ ಪತ್ರಗಳು ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೋರುವುವು. ಯೂನಿಕೋಡಿನಲ್ಲಿದ್ದರೆ, ಹುಡುಕುವ ಕಿಂಡಿಯಲ್ಲಿ ‘ವಿಮೆ’ ಎಂದು ಬರೆದೊಡನೆ ಆ ಹೆಸರಿನವೆಲ್ಲ ಎದುರಿಗೆ ಬರುವುವು.

ಅಂತರ್ಜಾಲದಿಂದ ಇಳಿಸಿಕೊಂಡುದೆಲ್ಲ ‘ಡೌನ್‌ಲೋಡ್ಸ್’ ಎಂಬಲ್ಲಿ ಬೀಳುವುದು. ಅದು ಮನೆಯ ಕಟ್ಟೆಯಿದ್ದಂತೆ. ಸಂತೆಯಿಂದ ತಂದ ಚೀಲವನ್ನು ಕಟ್ಟೆಯ ಮೇಲೆ ಇಳಿಸಬಹುದು. ವರುಷಗಟ್ಟಲೆ ಅಲ್ಲಿಯೇ ಇಡುವವರುಂಟೇ? ವಾರಕ್ಕೊಮ್ಮೆ, ಬೇಕಾದುದನ್ನು ‘ಕಂಟ್ರೋಲ್’ ಮತ್ತು ‘ಎಕ್ಸ್’ ಕೀಲಿಗಳಿಂದ ಎತ್ತಿ, ತಕ್ಕ ಕೋಶದಲ್ಲಿ ‘ಕಂಟ್ರೋಲ್’ ಮತ್ತು ‘ವಿ’ ಕೀಲಿಗಳಿಂದ ಇಳಿಸಿರಿ. ‘ಎಕ್ಸ್’ ಬದಲು ‘ಸಿ’ ಒತ್ತಿದರೆ ಮೂಲವು ಅಲ್ಲಿಯೇ ಉಳಿದು ನಕಲೊಂದು ಹೆಚ್ಚುವುದು. ಮುಂದೆ ಎರಡರಲ್ಲಿ ಯಾವುದನ್ನು ನಂಬಬೇಕೆಂಬ ಸಂಶಯವು ಹುಟ್ಟುವುದು.

ಯಂತ್ರವು ಕೆಡುವ ವಸ್ತು. ಆದುದರಿಂದ ತಿಂಗಳಿಗೊಮ್ಮೆ ‘ಮನೆ’ಯ ಇಡೀ ಕೋಶವನ್ನು ಪೆನ್‌ಡ್ರೈವಿಗೆ ನಕಲು ಮಾಡಿ ತಿಜೋರಿಯಲ್ಲಿಡಿರಿ. ಯಂತ್ರದಲ್ಲಿ ಅಳಿಸಿದುದು ಸಾಮಾನ್ಯವಾಗಿ ‘ರಿಸೈಕಲ್ ಬಿನ್’ ಎಂಬ ಬುಟ್ಟಿಯಲ್ಲಿದ್ದು ಮರಳಿ ದೊರೆಯುವುದು. ಪೆನ್‌ಡ್ರೈವಿನಿಂದ ಅಳಿಸಿದುದಕ್ಕೆ ಆ ಬುಟ್ಟಿಯ ಆಸರೆಯಿಲ್ಲ. ಮೂಲ ಕಾಗದಗಳನ್ನಂತೂ ಎಂದಿಗೂ ಎಸೆಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಯದಾಗಿ ಮುಖ್ಯವಾದ ಒಂದು ಕೆಲಸ. ಒಂದು ಹಾಳೆಯಲ್ಲಿ ಆರು ಕೋಶಗಳ ಹೆಸರನ್ನೂ, ಯಾವುದರಲ್ಲಿ ಏನಿದೆಯೆಂಬುದನ್ನೂ ಬರೆದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿರಿ. ಯಂತ್ರವನ್ನು ತೆರೆಯುವ ಗುಪ್ತಪದವನ್ನು ಅದರಲ್ಲಿ ಬರೆಯದೆ, ಮನೆಯ ಒಬ್ಬಿಬ್ಬರಿಗೆ ಬಾಯಿಂದ ಹೇಳಿರಿ. ಆಮೇಲೆ ಮನೆಯವರನ್ನು ಯಂತ್ರದ ಮುಂದೆ ಕೂರಿಸಿ, “ಹೋದ ವರ್ಷದ ಉತಾರವನ್ನು ತೆಗೆಯಿರಿ” ಎಂದು ಹೇಳಿ, ನೀವು ಕೈಕಟ್ಟಿ ಸುಮ್ಮನೆ ಕುಳಿತುಕೊಳ್ಳಿರಿ. ಅವರು ತಡವರಿಸಿದರೆ ತಪ್ಪು ಅವರದಲ್ಲ, ನೀವಿಟ್ಟ ಹೆಸರಿನದು. ಅದನ್ನು ತಿದ್ದಿರಿ.

ಮೇಲೆ ಹೇಳಿದ ಮನೆಗೆ ನಾವು ಈಚೆಗೆ ಹೋಗಿದ್ದೆವು. ಯಜಮಾನರು ಗುಣಹೊಂದಿ ಹೊಲಕ್ಕೆ ಹೋಗಹತ್ತಿದ್ದಾರೆ. ಅಂದೂ ಅವರು ಮನೆಯಲ್ಲಿರಲಿಲ್ಲ. ಬ್ಯಾಂಕಿನವರು ಕೇಳಿದ ಕಾಗದವೊಂದನ್ನು ಆ ತಾಯಿ ತಾವೇ ಯಂತ್ರದ ಮುಂದೆ ಕುಳಿತು ತೆಗೆದರು. ನಮಗೆ ಕೊಟ್ಟ ಚಹಾ ಇನ್ನೂ ಆರಿರಲಿಲ್ಲ.