ಯೂನಿಫಾರ್ಮ್ ಗಿಡ್ಡ ಆಗಲೇ ಇಲ್ಲವೇ? ಗಮನಿಸಿ!

ಹೋದ ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮ್ ಈ ಜೂನ್‌ಗೂ ಸರಿಹೋದರೆ 'ಸದ್ಯ, ದುಡ್ಡು ಉಳೀತು' ಅಂತ ಖುಷಿಪಡ್ತೀರಿ ಅಲ್ವೇ? ಅಮ್ಮಂದಿರೇ, ಸ್ವಲ್ಪ ತಡೆಯಿರಿ. ನಾಲ್ಕು ವರ್ಷ ದಾಟಿದ ಮಗು ಹರೆಯಕ್ಕೆ ಬರುವವರೆಗೆ ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯಬೇಕು. 4 ಸೆಂ.ಮೀ. ಕೂಡ ಬೆಳೆಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಹಾಗಂತ ಗಿಡ್ಡ ಮಕ್ಕಳಿಗೆಲ್ಲ ಕಾಯಿಲೆ ಇದೆ ಎಂದಲ್ಲ. ಅಪ್ಪ ಅಮ್ಮ ಗಿಡ್ಡವಿದ್ದರೆ ಮಕ್ಕಳೂ ಹಾಗೇ ಇರಬಹುದು. ಕೆಲವರು ತಡವಾಗಿ ಬೆಳೀತಾರೆ. ಪೌಷ್ಟಿಕತೆಯ ಕೊರತೆ, ಥೈರಾಯ್ಡ್ ತೊಂದರೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಹೆಣ್ಣುಮಕ್ಕಳಲ್ಲಿ ಟರ್ನರ್ ಸಿಂಡ್ರೋಮ್ ಕೂಡ ಕಾರಣವಿರಬಹುದು. ವೈದ್ಯರು ಮೊದಲು ಇವನ್ನು ನೋಡ್ತಾರೆ. ಆಮೇಲೆ ಅನುಮಾನ ಹೋಗುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸ್ರವಿಸುವ ಬೆಳವಣಿಗೆಯ ಹಾರ್ಮೋನಿನ ಕಡೆಗೆ. ಇದರ ಕೊರತೆಯಿರುವ ಮಗುವಿನ ಮೈಕಟ್ಟು ಸರಿಯಾಗಿಯೇ ಇರುತ್ತದೆ, ಬುದ್ಧಿಯೂ ಸಾಮಾನ್ಯವಾಗಿ ಚುರುಕು. ಮುಖ ಮಾತ್ರ ವಯಸ್ಸಿಗಿಂತ ಎಳೆಯದಾಗಿ ಕಾಣುತ್ತದೆ. ಅದಕ್ಕೇ ಗೊತ್ತಾಗೋದು ತಡ.

ಎಡಗೈ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಐಜಿಎಫ್-1 ಎಂಬ ರಕ್ತಪರೀಕ್ಷೆಯೂ ಉಂಟು. ಆದರೆ ಒಂದೇ ಸಲ ರಕ್ತ ತೆಗೆದು 'ಬೆಳವಣಿಗೆಯ ಹಾರ್ಮೋನ್ ಕಡಿಮೆ' ಎಂದರೆ ಗಾಬರಿ ಬೇಡ. ಇದು ಆಗಾಗ, ಹೆಚ್ಚಾಗಿ ರಾತ್ರಿ ಗಾಢ ನಿದ್ದೆಯಲ್ಲಿ ಸ್ರವಿಸುತ್ತದೆ. ಹಗಲಿನಲ್ಲಿ ಆರೋಗ್ಯವಂತ ಮಗುವಿಗೂ ಕಡಿಮೆಯೇ ಬರಬಹುದು! ಆದ್ದರಿಂದ ಆಸ್ಪತ್ರೆಯಲ್ಲೇ, ಖಾಲಿ ಹೊಟ್ಟೆಯಲ್ಲಿ ಕ್ಲೋನಿಡಿನ್ ಅಥವಾ ಗ್ಲುಕಗಾನ್ ಕೊಟ್ಟು, ಎರಡು ಮೂರು ಗಂಟೆ ಕಾಲ ಹಲವು ಬಾರಿ ರಕ್ತ ತೆಗೆಯುತ್ತಾರೆ. ಸಾಮಾನ್ಯವಾಗಿ ಇಂಥ ಎರಡು ಪರೀಕ್ಷೆ ಬೇಕು. ಕೊರತೆ ಖಚಿತವಾದರೆ ಎಂಆರ್‌ಐ ಮಾಡಿಸುತ್ತಾರೆ.

ಗುತ್ತಲಿನವರು ಮೊದಲು ಮಂಡ್ಯದ ಮಿಮ್ಸ್‌ನ ಮಕ್ಕಳ ವೈದ್ಯರನ್ನು ಕಾಣಬಹುದು. ಮಕ್ಕಳ ಹಾರ್ಮೋನ್ ತಜ್ಞರ ಬಳಿ ಹೋಗಬೇಕೆಂದರೆ ಅವರೇ ಬರೆದುಕೊಡುತ್ತಾರೆ.

ಚಿಕಿತ್ಸೆ ಎಂದರೆ ಚರ್ಮದಡಿ ಕೊಡುವ ಇಂಜೆಕ್ಷನ್. ಹೆಚ್ಚಾಗಿ ದಿನಕ್ಕೊಂದರಂತೆ ವರ್ಷಗಟ್ಟಲೆ ಬೇಕು, ದುಬಾರಿಯೂ ಹೌದು. ಆದರೆ ಮೂಳೆಯ ತುದಿಗಳು ಕೂಡಿಕೊಂಡ ಮೇಲೆ ಎಷ್ಟು ದುಡ್ಡು ಸುರಿದರೂ ಎತ್ತರ ಹೆಚ್ಚದು. 'ದೊಡ್ಡವನಾದ ಮೇಲೆ ಉದ್ದ ಆಗ್ತಾನೆ ಬಿಡಮ್ಮ' ಎಂದು ಅತ್ತೆಯವರು ಧೈರ್ಯ ಹೇಳಿದರೂ, ಟೀವಿಯಲ್ಲಿ ಪುಡಿಯ ಡಬ್ಬ ತೋರಿಸಿದರೂ, ಆ ಸಮಯ ಮತ್ತೆ ಬಾರದು.

ಇವತ್ತೇ ಮಗುವಿನ ಚಪ್ಪಲಿ ಬಿಡಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ. ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಅಳೆಯಿರಿ, ತಾರೀಖು ಬರೆಯಿರಿ. ಆರು ತಿಂಗಳಿಗೊಮ್ಮೆ ಹೀಗೇ ಮಾಡಿ. ವೈದ್ಯರ ಬಳಿ ಹೋಗುವಾಗ ಆ ಲೆಕ್ಕ ಮರೆಯದೆ ಒಯ್ಯಿರಿ.