ಮುಲಾಮಿಗಿಂತ ಮೊದಲು ರೋಗದ ಹೆಸರು ತಿಳಿಯೋಣ

ಮಳೆಗಾಲ ಬಂತೆಂದರೆ ನಮ್ಮ ಕರಾವಳಿಯಲ್ಲಿ ಬಟ್ಟೆ ಒಣಗುವುದಿಲ್ಲ, ಮೈಯ ತುರಿಕೆಯೂ ನಿಲ್ಲುವುದಿಲ್ಲ. ಮದ್ರಸದಲ್ಲಿ ಮಕ್ಕಳ ಮುಂದೆ ಕೂರುವ ನಮಗೆ ಇದು ಪ್ರತಿ ವರ್ಷ ಕಣ್ಣಿಗೆ ಬೀಳುತ್ತದೆ. ಹುಡುಗ ಒಂದು ಕೈ ಕಿತಾಬಿನ ಮೇಲಿಟ್ಟು ಇನ್ನೊಂದು ಕೈಯಲ್ಲಿ ಸೊಂಟ ಕೆರೆಯುತ್ತಿರುತ್ತಾನೆ. ಕೇಳಿದರೆ, "ಉಮ್ಮ ಮುಲಾಮು ಹಚ್ತಾರೆ ಉಸ್ತಾದ್, ಕಮ್ಮಿ ಆಗ್ತದೆ, ಪುನಃ ಬರ್ತದೆ" ಅಂತಾನೆ.

ಈ 'ಪುನಃ ಬರ್ತದೆ' ಎಂಬ ಮಾತಿನಲ್ಲೇ ವಿಷಯ ಇದೆ. ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಿ ತರುವ ಅನೇಕ ಮುಲಾಮುಗಳಲ್ಲಿ ಫಂಗಸ್ ಔಷಧಿಯ ಜೊತೆ ಕ್ಲೋಬೆಟಸಾಲ್‌ನಂಥ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಕೆಂಪು, ತುರಿಕೆಯನ್ನು ಬೇಗ ಅಡಗಿಸುತ್ತದೆ. ಆದರೆ ಚರ್ಮದ ಪ್ರತಿರೋಧವನ್ನೂ ಕುಗ್ಗಿಸುವುದರಿಂದ ಫಂಗಸ್ ಸದ್ದಿಲ್ಲದೆ ಹರಡುತ್ತದೆ. ಉಂಗುರದ ಆಕಾರವೇ ಮಾಸಿ, ವೈದ್ಯರಿಗೂ ಗುರುತು ಹಿಡಿಯಲು ಕಷ್ಟವಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳ್ಳಗಾಗಿ ಗೆರೆ ಬೀಳುತ್ತದೆ. ಆ ಗೆರೆ ಪೂರ್ತಿ ಮಾಯುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಆದರೂ ಚೀಟಿ ಇಲ್ಲದೆ ಹೋಗಿ ಕೇಳುವವರು ನಾವೇ ಅಲ್ವಾ?

ಔಷಧಿಗೆ ಬೇಗ ಬಗ್ಗದ ಒಂದು ಫಂಗಸ್‌ಗೆ 2020ರಲ್ಲಿ ವಿಜ್ಞಾನಿಗಳು ಟ್ರೈಕೋಫೈಟನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ. ಗಲ್ಫಿನಲ್ಲಿ ಒಂದೇ ರೂಮಿನಲ್ಲಿ ಐದಾರು ಮಂದಿ ಇರುವ ನಮ್ಮ ಯುವಕರೂ ಇದನ್ನು ತಿಳಿದಿರಬೇಕು.

ತುರಿಸುವುದೆಲ್ಲ ಒಂದೇ ರೋಗ ಅಲ್ಲ. ಗಜಕರ್ಣ, ಅಂದರೆ ಹುಳುಕಡ್ಡಿ, ಉಂಗುರದಂತೆ ಬೆಳೆಯುತ್ತದೆ. ಅಂಚು ಉಬ್ಬಿ ಹೊಟ್ಟು ಏಳುತ್ತದೆ, ನಡುವೆ ತಿಳಿಯಾಗಿರುತ್ತದೆ. ರಾತ್ರಿ ತುರಿಕೆ ಜಾಸ್ತಿಯಾಗಿ ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಅದು ಕಜ್ಜಿ ಇರಬಹುದು. ಅದಕ್ಕೆ ಕಾರಣ ಫಂಗಸ್ ಅಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಆಗ ಮನೆಮಂದಿಗೆಲ್ಲ ಒಟ್ಟಿಗೇ ಮದ್ದು ಆಗಬೇಕು. ಮೊಣಕೈ, ಮೊಣಕಾಲು, ತಲೆಯಲ್ಲಿ ದಪ್ಪ ಬೆಳ್ಳಿಬಣ್ಣದ ಹೊಟ್ಟು ಎದ್ದರೆ ಸೋರಿಯಾಸಿಸ್ ಇರಬಹುದು. ಮಕ್ಕಳ ಮೊಣಕೈ ಮಡಿಕೆಯಲ್ಲಿ, ಮೊಣಕಾಲ ಹಿಂದೆ ಒರಟಾಗಿ ತುರಿಸಿದರೆ ಎಸ್ಜಿಮಾ ಇರಬಹುದು. ಕೊನೆಯ ಈ ಎರಡು ಮುಟ್ಟಿದರೆ ಅಂಟುವ ರೋಗಗಳಲ್ಲ. ಅಂಥ ಮಗುವನ್ನು ಸಾಲಿನಿಂದ ಎಬ್ಬಿಸಿ ದೂರ ಕೂರಿಸುವುದು, ಅಂಥ ಹೆಣ್ಣುಮಗಳ ಸಂಬಂಧ ಮುರಿಯುವುದು ದೊಡ್ಡ ಅನ್ಯಾಯ.

ನೋಡಿ ಗೊತ್ತಾಗದಿದ್ದರೆ ಸುಲಭದ ಪರೀಕ್ಷೆ ಇದೆ. ವೈದ್ಯರು ಅಂಚಿನ ಹೊಟ್ಟನ್ನು ಸ್ವಲ್ಪ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಫಂಗಸ್ ಇದ್ದರೆ ಎಳೆ ಎಳೆಯಾಗಿ ಕಾಣುತ್ತದೆ. ಸೂಜಿ ಇಲ್ಲ, ನೋವಿಲ್ಲ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬನ್ನೂ ಕೊಂಡುಹೋಗಿ ತೋರಿಸಿ, ಮುಚ್ಚಿಡಬೇಡಿ. ಫಂಗಸ್ ಎಂದು ಗೊತ್ತಾದರೆ ಮದ್ದು ವಾರಗಟ್ಟಲೆ ಬೇಕು. ತುರಿಕೆ ನಿಂತಿತೆಂದು ನಡುವೆ ಬಿಡಬಾರದು.

ಮನೆಯಲ್ಲಿ, ಹಾಸ್ಟೆಲಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಟವೆಲ್, ಬೇರೆ ಟೊಪ್ಪಿ ಇರಲಿ. ಒಳಬಟ್ಟೆ ಚೆನ್ನಾಗಿ ಒಣಗಿದ ಮೇಲೇ ಹಾಕಲಿ. ಹಗಲಿಗೆ ಹಲವು ಸಲ ವುಳೂ ಮಾಡುವ ನಾವು ಕಾಲ್ಬೆರಳ ಸಂದಿಯನ್ನು ತೊಳೆಯುತ್ತೇವೆ, ಒರೆಸಲು ಮರೆಯುತ್ತೇವೆ. ಒದ್ದೆ ಕಾಲಿಗೆ ಸಾಕ್ಸ್ ಹಾಕಿದರೆ ಫಂಗಸ್‌ಗೆ ನಾವೇ ಮನೆ ಕಟ್ಟಿಕೊಟ್ಟಂತೆ.

ತೊಡೆಸಂದಿನ ರೋಗವನ್ನು ನಾಚಿಕೆಯಿಂದ ಮುಚ್ಚಿಡುವವರು ನಮ್ಮಲ್ಲಿ ಬಹಳ, ಅದರಲ್ಲೂ ಹೆಂಗಸರು. ಚರ್ಮರೋಗದ ಮಹಿಳಾ ವೈದ್ಯರು ಮಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ. ಗಂಡನಾದವನು, ಮಗನಾದವನು ಒಂದು ದಿನ ಬಿಡುವು ಮಾಡಿ ಕರೆದುಕೊಂಡು ಹೋಗಲಿ. ಒಂದು ವರ್ಷ ಕೆರೆದುಕೊಂಡು ಕೂರುವುದು ಸಬೂರ್ ಅಲ್ಲ, ಉದಾಸೀನ.